ಬಾವಿಯ ಅಂಚಿನ ವಿಜ್ಞಾನ ಮತ್ತು ನಮ್ಮ ಅಸಡ್ಡೆ

ಅಂತರ್ಜಲ ಸಂಶೋಧನೆಯಲ್ಲಿ ಕ್ಷೇತ್ರಕಾರ್ಯದ ಕಾಲ ಮುಗಿಯಿತು ಎಂಬ ಮಾತು ವಿದ್ಯಾವಂತರ ನಡುವೆ ಒಂದು ಸಿದ್ಧ ನಂಬಿಕೆಯಂತೆ ಚಲಾವಣೆಯಲ್ಲಿದೆ. ಉಪಗ್ರಹಗಳು ಆಕಾಶದಿಂದಲೇ ಭೂಮಿಯೊಳಗಿನ ನೀರನ್ನು ತೂಗುತ್ತಿರುವಾಗ, ಗಣಕಯಂತ್ರಗಳು ಇಡೀ ನದೀಕಣಿವೆಯ ಮಾದರಿಯನ್ನು ಕಟ್ಟಿಕೊಡುತ್ತಿರುವಾಗ, ಒಬ್ಬ ಮನುಷ್ಯ ಬಾವಿಯ ಕಟ್ಟೆಯ ಮೇಲೆ ಕೂತು ರಾತ್ರಿಯಿಡೀ ಅಳತೆಪಟ್ಟಿಯನ್ನು ಇಳಿಬಿಡುವುದರಲ್ಲಿ ಅರ್ಥವೇನು ಎಂದು ಕೇಳುವವರಿದ್ದಾರೆ. ನಮ್ಮ ಹೊರನಾಡಿನ ಸಂಘಗಳು ಮಕ್ಕಳಿಗಾಗಿ ನಡೆಸುವ ವೃತ್ತಿ ಮಾರ್ಗದರ್ಶನದ ಸಭೆಗಳಲ್ಲಿಯೂ ಇದೇ ಧೋರಣೆ. ಭೂವಿಜ್ಞಾನ ಓದಿದ ಹುಡುಗಿಯೊಬ್ಬಳು ಜಲವಿಜ್ಞಾನದಲ್ಲಿ ಮುಂದುವರಿಯುತ್ತೇನೆಂದರೆ ಹಿರಿಯರು ಕೊಡುವ ಸಲಹೆ ಒಂದೇ: ಹೋಗುವುದಾದರೆ ಮಾಡೆಲಿಂಗಿಗೆ ಹೋಗು, ಹಳ್ಳಿ ತಿರುಗುವ ಕೆಲಸ ಮಾತ್ರ ಬೇಡ. ಪುಣೆಯನ್ನು ನೆಲೆಯಾಗಿಸಿಕೊಂಡು ಮೂರು ದಶಕ ದಖನ್ನಿನ ಬಾವಿಗಳಲ್ಲಿ ಪಂಪಿಂಗ್ ಪರೀಕ್ಷೆ ನಡೆಸಿದ ನಾನು ಈ ಸಲಹೆಯನ್ನು ವಿರೋಧಿಸುತ್ತೇನೆ. ಅದರೊಳಗೆ ವಿಜ್ಞಾನದ ಬಗೆಗಿನ ಅಜ್ಞಾನವಿದೆ. ಅಜ್ಞಾನಕ್ಕಿಂತ ಹಳೆಯದಾದ ಒಂದು ತಿರಸ್ಕಾರವೂ ಇದೆ.

ಮೊದಲು ಉಪಗ್ರಹದ ಮಾತು. ಅಮೆರಿಕ ಮತ್ತು ಜರ್ಮನಿ 2002ರಲ್ಲಿ ಹಾರಿಬಿಟ್ಟ ‘ಗ್ರೇಸ್’ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದಲ್ಲಾಗುವ ಸೂಕ್ಷ್ಮ ವ್ಯತ್ಯಾಸಗಳಿಂದ ನೀರಿನ ಏರಿಳಿತವನ್ನು ಲೆಕ್ಕ ಹಾಕಿದವು. ರಾಜಸ್ಥಾನ, ಪಂಜಾಬ, ಹರಿಯಾಣ ಹಾಗೂ ದೆಹಲಿಯ ಪ್ರದೇಶದಲ್ಲಿ 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ 109 ಘನ ಕಿಲೋಮೀಟರಿನಷ್ಟು ಅಂತರ್ಜಲ ನಷ್ಟವಾಯಿತೆಂದು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಇದು ದೊಡ್ಡ ಸಾಧನೆಯೆಂಬುದರಲ್ಲಿ ತಕರಾರಿಲ್ಲ. ಆದರೆ ಆ ಉಪಗ್ರಹದ ಕಣ್ಣಿಗೆ ಕಾಣುವ ಅತಿ ಚಿಕ್ಕ ಚುಕ್ಕೆಯೂ ನೂರಾರು ಕಿಲೋಮೀಟರ್ ಅಗಲದ್ದು. ಕೋಲಾರದ ಒಬ್ಬ ಟೊಮೇಟೊ ಬೆಳೆಗಾರನ ಕೊಳವೆಬಾವಿ ಯಾಕೆ ಒಣಗಿತು, ಅವನ ನೆರೆಯವನದು ಯಾಕೆ ಒಣಗಲಿಲ್ಲ ಎಂಬ ಪ್ರಶ್ನೆ ಅದರ ಅಳವಿನೊಳಗೆ ಬರುವುದೇ ಇಲ್ಲ. ರೈತನಿಗೆ ಇರುವುದು ಆ ಪ್ರಶ್ನೆಯೊಂದೇ.

ಇನ್ನು ಲೆಕ್ಕಾಚಾರದ ಮಾತು. ದೇಶದ ಅಂತರ್ಜಲದ ಅಂದಾಜು 1984, 1997 ಮತ್ತು 2015ರ ಸಮಿತಿಗಳು ರೂಪಿಸಿದ ವಿಧಾನಗಳ ಮೇಲೆ ನಿಂತಿದೆ. ಅದರ ಮುಖ್ಯ ತತ್ವ ಸರಳವಾದದ್ದು: ಮಳೆಗಾಲದ ಮುನ್ನ ಮತ್ತು ಅನಂತರ ಬಾವಿಗಳ ನೀರಿನ ಮಟ್ಟ ಎಷ್ಟು ಏರಿತೆಂದು ನೋಡಿ, ಅದನ್ನು ಪ್ರದೇಶದ ವಿಸ್ತೀರ್ಣದಿಂದ ಗುಣಿಸಿ, ಮತ್ತೆ ಶಿಲೆಯ ಇಳುವರಿ ಗುಣಾಂಕದಿಂದ ಗುಣಿಸುವುದು. ನೆನೆದ ಶಿಲೆ ಬರಿದಾದಾಗ ಅದರ ಒಟ್ಟು ಗಾತ್ರದಲ್ಲಿ ನೂರಕ್ಕೆ ಎಷ್ಟು ಪಾಲು ನೀರು ಬಸಿದು ಬರುತ್ತದೆ ಎಂಬುದೇ ಈ ಗುಣಾಂಕ. ಅದನ್ನು ತಿಳಿಯಬೇಕಾದರೆ ನೆಲದ ಮೇಲೆ ಪರೀಕ್ಷೆ ಮಾಡಬೇಕು. ಮಾಡದಿದ್ದಲ್ಲಿ ಏನು ಗತಿ? ಅದಕ್ಕೊಂದು ಪಟ್ಟಿಯಿದೆ. 1997ರ ಪಟ್ಟಿಯ ಪ್ರಕಾರ ಶಿಥಿಲಗೊಂಡ ಬಸಾಲ್ಟಿಗೆ ಶಿಫಾರಸಾದ ಅಂಕಿ ನೂರಕ್ಕೆ 2. ಅದೇ ಸಾಲಿನಲ್ಲಿ ಕನಿಷ್ಠ 1, ಗರಿಷ್ಠ 3 ಎಂದೂ ಕೊಟ್ಟಿದೆ.

ಈ ಒಂದು, ಎರಡು, ಮೂರರ ನಡುವಿನ ಅಂತರ ಎಂಥದೆಂದು ನೋಡೋಣ. ಒಂದು ಹೆಕ್ಟೇರ್ ಹೊಲದ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಇಳಿಯಿತೆಂದರೆ 10,000 ಘನ ಮೀಟರ್ ಶಿಲೆ ಬರಿದಾಯಿತೆಂದು ಅರ್ಥ. ಗುಣಾಂಕ 2 ಇದ್ದರೆ ಅದರಿಂದ ಸಿಗುವ ನೀರು 200 ಘನ ಮೀಟರ್. 1 ಇದ್ದರೆ 100. 3 ಇದ್ದರೆ 300. ಹೊಲಕ್ಕೆ ಒಂದು ಸಲ 50 ಮಿಲಿಮೀಟರ್ ನೀರು ಹಾಯಿಸಲು ಹೆಕ್ಟೇರಿಗೆ 500 ಘನ ಮೀಟರ್ ಬೇಕು. ಅಂದರೆ ಗುಣಾಂಕ 2 ಇರುವಲ್ಲಿ ಒಂದು ಹೆಕ್ಟೇರಿಗೆ ಒಂದು ಸಲ ನೀರು ಹಾಯಿಸಿದರೆ ಎರಡೂವರೆ ಹೆಕ್ಟೇರಿನ ಕೆಳಗಿನ ಜಲಮಟ್ಟ ಒಂದು ಮೀಟರ್ ಇಳಿದಂತೆ. ಗುಣಾಂಕ 1 ಇರುವಲ್ಲಿ ಐದು ಹೆಕ್ಟೇರಿನ ಕೆಳಗೆ. ಯಾವ ಊರಲ್ಲಿ ಯಾವುದು ನಿಜವೆಂದು ತಿಳಿಯದೆ ಆ ಊರಿನವರಿಗೆ ಕಬ್ಬು ಹಾಕಬೇಡಿ ಎಂದೋ, ಇನ್ನಷ್ಟು ಬಾವಿ ಕೊರೆಯಿರಿ ಎಂದೋ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

2022ರ ಅಂದಾಜಿನಲ್ಲಿ ದೇಶದ ವಾರ್ಷಿಕ ಅಂತರ್ಜಲ ಮರುಪೂರಣ 437.60 ಶತಕೋಟಿ ಘನ ಮೀಟರ್ ಎಂದೂ, ಬಳಕೆಯ ಪ್ರಮಾಣ ಶೇಕಡಾ 60.08 ಎಂದೂ ಪ್ರಕಟವಾಯಿತು. ದಶಮಾಂಶದ ಬಿಂದುವಿನ ಆಚೆಯ ಆ ಎರಡು ಅಂಕಿಗಳನ್ನು ಗಮನಿಸಿ. ಒಂದರಿಂದ ಮೂರರವರೆಗೆ ಹೊಯ್ದಾಡಬಹುದಾದ ಗುಣಾಂಕದ ಮೇಲೆ ಕಟ್ಟಿದ ಲೆಕ್ಕಕ್ಕೆ ಇಂಥ ಅಕ್ಕಸಾಲಿಗನ ತಕ್ಕಡಿಯ ಗಾಂಭೀರ್ಯ! ಸಮಿತಿಗಳನ್ನು ದೂರುವುದು ನ್ಯಾಯವಲ್ಲ. ಸ್ಥಳೀಯ ಕ್ಷೇತ್ರ ಅಧ್ಯಯನದ ಅಂಕಿ ಇಲ್ಲದಿದ್ದಾಗ ಬಳಸಲೆಂದೇ ಅವು ಆ ಪಟ್ಟಿಯನ್ನು ಕೊಟ್ಟವು. ಊರುಗೋಲಾಗಿ ಕೊಟ್ಟದ್ದನ್ನು ನಾವು ಕಾಲೆಂದೇ ತಿಳಿದುಬಿಟ್ಟೆವು.

ಕ್ಷೇತ್ರಪರೀಕ್ಷೆಯನ್ನು ಕೀಳಾಗಿ ಕಾಣುವವರು ಈ ವಿಜ್ಞಾನ ಹುಟ್ಟಿದ್ದೆಲ್ಲಿ ಎಂಬುದನ್ನಾದರೂ ನೆನೆಯಬೇಕು. ನೀರು ಮರಳಿನ ಮೂಲಕ ಹರಿಯುವ ನಿಯಮವನ್ನು ಆನ್ರಿ ಡಾರ್ಸಿ ಪ್ರಕಟಿಸಿದ್ದು 1856ರಲ್ಲಿ, ಫ್ರಾನ್ಸಿನ ಡಿಜಾನ್ ಪಟ್ಟಣದ ಸಾರ್ವಜನಿಕ ಕಾರಂಜಿಗಳನ್ನು ಕುರಿತ ಪುಸ್ತಕದ ಒಂದು ಅನುಬಂಧದಲ್ಲಿ. ಆತ ಆ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್. ಅಮೆರಿಕದ ಚಾರ್ಲ್ಸ್ ಥೀಸ್ 1935ರಲ್ಲಿ ಕೊಟ್ಟ ಸಮೀಕರಣವಂತೂ ಇಂದಿನ ಎಲ್ಲ ಗಣಕ ಮಾದರಿಗಳ ಅಜ್ಜ. ಥೀಸ್ ಕ್ಷೇತ್ರ ಭೂವಿಜ್ಞಾನಿ. ನೀರು ಬಾವಿಯ ಕಡೆಗೆ ಹರಿಯುವುದು ಲೋಹದಲ್ಲಿ ಶಾಖ ಹರಿಯುವುದನ್ನು ಹೋಲುತ್ತದೆಂದು ಹೊಳೆದಾಗ ಗಣಿತಜ್ಞ ಲ್ಯೂಬಿನ್ ನೆರವು ಕೇಳಿದ. ದೊರೆತ ಸೂತ್ರವನ್ನು ನೆಬ್ರಾಸ್ಕದ ಗ್ರ್ಯಾಂಡ್ ಐಲೆಂಡ್ ಬಳಿ ವೆನ್ಜೆಲ್ ನಡೆಸಿದ್ದ ಪಂಪಿಂಗ್ ಪರೀಕ್ಷೆಯ ಅಳತೆಗಳಿಗೆ ಹಚ್ಚಿ ನೋಡಿದ. ಆ ಅಳತೆಯ ಪುಸ್ತಕ ಇಲ್ಲದಿದ್ದರೆ ಸೂತ್ರ ಬರಿಯ ಸೂತ್ರವಾಗಿಯೇ ಉಳಿಯುತ್ತಿತ್ತು.

ಆ ಅಳತೆಯ ಕೆಲಸ ಎಂಥದೆಂದು ಹೊರಗಿನವರಿಗೆ ತಿಳಿಯದು. ಪಂಪು ಚಾಲೂ ಆದ ಕ್ಷಣದಿಂದ ಮೊದಲ ಹತ್ತು ನಿಮಿಷ ಪ್ರತಿ ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅಳೆಯಬೇಕು. ಬಳಿಕ ಐದು ನಿಮಿಷಕ್ಕೆ, ಹತ್ತಕ್ಕೆ, ಅರ್ಧ ಗಂಟೆಗೆ. ಹೊರಬರುವ ನೀರು ಒಂದೇ ಪ್ರಮಾಣದಲ್ಲಿರಬೇಕು. ಹತ್ತಿರದಲ್ಲಿ ಇನ್ನೊಂದು ಬಾವಿ ವೀಕ್ಷಣೆಗಿರಬೇಕು. ಅದಿಲ್ಲದೆ ಶಿಲೆ ಎಷ್ಟು ವೇಗದಲ್ಲಿ ನೀರು ಸಾಗಿಸುತ್ತದೆಂದು ಹೇಳಬಹುದೇ ಹೊರತು ಎಷ್ಟು ಹಿಡಿದಿಟ್ಟುಕೊಂಡಿದೆಯೆಂದು ನಂಬಿಕೆಯಿಂದ ಹೇಳಲಾಗದು. ನಡುರಾತ್ರಿ ವಿದ್ಯುತ್ತು ಹೋದರೆ ಪರೀಕ್ಷೆ ಮುರಿಯಿತು. ಬಾವಿ ಮತ್ತೆ ತುಂಬುವವರೆಗೆ ಕಾದು ಮೊದಲಿನಿಂದ ತೊಡಗಬೇಕು. ನಮ್ಮ ತೆರೆದ ಬಾವಿಗಳಲ್ಲಿ ಇನ್ನೊಂದು ತೊಡಕಿದೆ. ಎಂಟು ಮೀಟರ್ ವ್ಯಾಸದ ಬಾವಿಯಲ್ಲಿ ಒಂದು ಮೀಟರ್ ಎತ್ತರದ ನೀರೆಂದರೆ ಸುಮಾರು 50,000 ಲೀಟರು. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪಿಗೆ ಅಷ್ಟನ್ನು ಎತ್ತಲು 84 ನಿಮಿಷ ಹಿಡಿಯುತ್ತದೆ. ಅಲ್ಲಿಯತನಕ ಬಹುಪಾಲು ಬರುವುದು ಬಾವಿಯದೇ ನೀರು. ಶಿಲೆ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ದೊಡ್ಡ ವ್ಯಾಸದ ಬಾವಿಗಳಿಗೆ ಬೇಕಾದ ಗಣಿತವನ್ನು ಪಾಪಡೋಪುಲೋಸ್ ಮತ್ತು ಕೂಪರ್ 1967ರಲ್ಲಿ ಒದಗಿಸಿದರು. ಗಣಿತವೇನೋ ಬಂತು, ಅದಕ್ಕೆ ಬೇಕಾದ ದೀರ್ಘ ಪರೀಕ್ಷೆಗೆ ಹಣವೂ ವ್ಯವಧಾನವೂ ಬರಲಿಲ್ಲ. ಒಂದೆರಡು ಗಂಟೆ ಪಂಪು ಓಡಿಸಿ ನಮೂನೆ ತುಂಬುವ ಶಾಸ್ತ್ರಕ್ಕೆ ಪರೀಕ್ಷೆಯೆಂಬ ಹೆಸರು ಸಲ್ಲದು.

ಈ ನಿರ್ವಾತವನ್ನು ತುಂಬಿದವರು ಬೋರ್‌ವೆಲ್ ಲಾರಿಯವರು. ‘ಎರಡು ಇಂಚು ನೀರು ಬಿತ್ತು’ ಎಂದ ಕೂಡಲೇ ತೆಂಗಿನಕಾಯಿ ಒಡೆಯುವ ದೃಶ್ಯ ನಮ್ಮೂರುಗಳಲ್ಲಿ ಯಾರಿಗೆ ಅಪರಿಚಿತ? ಆ ಇಂಚು ಕೊಳವೆಯ ಅಗಲವೆಂದೇ ಹಲವರ ಭಾವನೆ. ಅದು ‘ವಿ’ ಆಕಾರದ ತಗಡಿನ ಕಂಡಿಯಲ್ಲಿ ಹರಿಯುವ ನೀರಿನ ಎತ್ತರ. 2 ಇಂಚೆಂದರೆ ಗಂಟೆಗೆ ಸುಮಾರು 2,900 ಲೀಟರು. 4 ಇಂಚೆಂದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಮಿಕ್ಕಿ. ಈ ಸಣ್ಣ ಸಂಗತಿಯನ್ನೂ ರೈತನಿಗೆ ಯಾರೂ ವಿವರಿಸಿಲ್ಲ. ಕಂಪ್ರೆಸರಿನ ಗಾಳಿ ಎತ್ತಿ ಚಿಮ್ಮಿಸಿದ ಒಂದು ಗಂಟೆಯ ನೀರು ಏಪ್ರಿಲಿನಲ್ಲಿ ಇರುತ್ತದೆಯೇ ಎಂಬುದಕ್ಕೆ ಅದು ಉತ್ತರವೂ ಅಲ್ಲ. ಆ ಇಂಚಿನ ಭರವಸೆಯ ಮೇಲೆ ಸಾಲ ಮಾಡುತ್ತಾನೆ, ಬೆಳೆ ಆರಿಸುತ್ತಾನೆ, ಮಗಳ ಮದುವೆಯ ತಿಂಗಳು ಗೊತ್ತುಮಾಡುತ್ತಾನೆ.

ಹೀಗಿದ್ದೂ ಪರೀಕ್ಷೆ ಯಾಕೆ ಯಾರಿಗೂ ಬೇಡ? ಖರ್ಚು ಒಂದು ಕಾರಣ. ಖರ್ಚಿಗಿಂತ ದೊಡ್ಡ ಕಾರಣವೆಂದರೆ, ತಾಲೂಕಿನ ಸರಾಸರಿಯಿಂದ ಯಾರಿಗೂ ನೋವಾಗುವುದಿಲ್ಲ. ಪರೀಕ್ಷೆಯಾದರೋ ಬಾವಿಯನ್ನು ಹೆಸರಿಡಿದು ಕರೆಯುತ್ತದೆ. ಇಂಥವನ ಪಂಪು ಓಡಿದಾಗ ಇಂಥವನ ಬಾವಿ ಇಷ್ಟು ಇಳಿಯಿತೆಂದು ಗಂಟೆ, ಸೆಂಟಿಮೀಟರುಗಳ ಸಮೇತ ಬರೆದಿಡುತ್ತದೆ. ತನ್ನ ನೆಲದ ಕೆಳಗಿನ ನೀರು ತನ್ನದೆಂಬ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆಯ ಬೆಂಬಲ ಪಡೆದ ಭೂಮಾಲೀಕನಿಗೆ ಇದಕ್ಕಿಂತ ಅನನುಕೂಲವಾದ ದಾಖಲೆ ಇನ್ನೊಂದಿಲ್ಲ. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣದ ಕಾನೂನು ಮಾಡಿತು. ಆದರೆ ದೊಡ್ಡ ಹಿಡುವಳಿದಾರನ ಆಳದ ಕೊಳವೆಬಾವಿಯಿಂದ ತನ್ನ ಮೂವತ್ತು ಅಡಿಯ ಬಾವಿ ಬತ್ತಿತೆಂದು ಸಣ್ಣ ರೈತ ರುಜುವಾತುಪಡಿಸಬೇಕಾದರೆ ಅವನ ಕೈಯಲ್ಲಿ ಕಾನೂನಿನ ಜೊತೆಗೆ ಒಂದು ರೇಖಾಪಟವೂ ಇರಬೇಕು.

ಇನ್ನು ಆರಂಭದಲ್ಲಿ ಹೇಳಿದ ತಿರಸ್ಕಾರದ ವಿಚಾರ. ನಮ್ಮ ಸಂಶೋಧನಾ ವ್ಯವಸ್ಥೆಯಲ್ಲಿ ಅಂಕಿ ತರುವವನು ಸಹಾಯಕ, ಅಂಕಿಯನ್ನು ಪರದೆಯ ಮೇಲೆ ಬಣ್ಣವಾಗಿಸುವವನು ವಿಜ್ಞಾನಿ. ನಾನು ದುಡಿದ ಒಂದು ಕಚೇರಿಯಲ್ಲಿ ಬಡ್ತಿಯ ಸಂದರ್ಶನಕ್ಕೆ ಕೂತ ಸಹೋದ್ಯೋಗಿಯೊಬ್ಬರು ಹನ್ನೊಂದು ವರ್ಷಗಳ ಪರೀಕ್ಷಾ ಪುಸ್ತಕಗಳನ್ನು ಮೇಜಿನ ಮೇಲಿಟ್ಟಾಗ ಅವರಿಗೆ ಬಂದ ಪ್ರಶ್ನೆ, ‘ಇದರಲ್ಲಿ ನಿಮ್ಮ ಸಂಶೋಧನೆ ಎಲ್ಲಿದೆ?’ ಎಂಬುದು. ಅದೇ ಅಂಕಿಗಳನ್ನು ಬಳಸಿ ಪ್ರಬಂಧ ಬರೆದವರು ಆ ಸಮಿತಿಯಲ್ಲೇ ಇದ್ದರು. ಇದನ್ನು ಒಂದು ಕಚೇರಿಯ ಸಣ್ಣತನವೆಂದು ನಾನು ಭಾವಿಸುವುದಿಲ್ಲ. ಬಾವಿ ತೋಡಿದ ಒಡ್ಡರ ಶಿಲಾಜ್ಞಾನವನ್ನು, ಕೆರೆಯ ತೂಬು ತೆರೆದು ನೀರು ಹಂಚುತ್ತಿದ್ದ ನೀರುಗಂಟಿಗಳ ಲೆಕ್ಕವನ್ನು ಜ್ಞಾನವೆಂದು ಒಪ್ಪದ ಸಮಾಜ ಇದು. 1927ರಲ್ಲಿ ಮಹಾಡದ ಕೆರೆಯಿಂದ ಬೊಗಸೆ ನೀರು ಕುಡಿಯುವುದಕ್ಕೇ ಸತ್ಯಾಗ್ರಹ ಬೇಕಾಯಿತಲ್ಲ! ನೀರನ್ನು ಕೈಯಿಂದ ಮುಟ್ಟುವವನಿಗಿಂತ ಕಾಗದದಲ್ಲಿ ಮುಟ್ಟುವವನು ಮೇಲೆಂಬ ಶ್ರೇಣಿ ಪ್ರಯೋಗಾಲಯದೊಳಗೆ ಹೊಸ ವೇಷದಲ್ಲಿ ಕೂತಿದೆ. ವರ್ಷಕ್ಕೊಮ್ಮೆ ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕದ ಮಹಿಮೆ ಹೇಳುವ ನಮ್ಮ ಸಂಘಗಳು ಮರುವಾರದ ಮಾರ್ಗದರ್ಶನ ಸಭೆಯಲ್ಲಿ ಹಳ್ಳಿ ತಿರುಗುವ ಕೆಲಸ ಬೇಡವೆನ್ನುವುದು ಈ ಶ್ರೇಣಿಯ ಸೇವೆಯೇ.

ಭಾಷೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ವಿಜಯಪುರ, ಬೀದರ, ಕಲಬುರಗಿಯ ಬಸಾಲ್ಟಿನಿಂದ ಹಿಡಿದು ಕೋಲಾರದ ಗ್ರಾನೈಟಿನವರೆಗೆ ಪರೀಕ್ಷೆಗಾಗಿ ಬಾವಿ ಬಿಟ್ಟುಕೊಟ್ಟವರು ರೈತರು. ತಮ್ಮ ಬೆಳೆಯ ನೀರನ್ನು ಒಂದು ದಿನ ನಮ್ಮ ಲೆಕ್ಕಕ್ಕೆ ಹರಿಯಬಿಟ್ಟವರು. ವರದಿ ಮಾತ್ರ ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಕಪಾಟು ಸೇರುತ್ತದೆ. ಸೆಲೆ, ಒರತೆ, ಊಟೆ, ಜೌಗು ಎಂದು ನೀರಿನ ನಡೆಯನ್ನು ಇಷ್ಟು ಬಗೆಯಾಗಿ ಹೆಸರಿಸಿದ ಭಾಷೆಯಲ್ಲಿ ಪಂಪಿಂಗ್ ಪರೀಕ್ಷೆಯ ಫಲಿತಾಂಶ ಬರೆಯಲಾಗದೆಂಬುದು ಸೋಮಾರಿತನದ ವಾದ. ಅನಂತಪುರ, ಚಿತ್ತೂರು, ಕರ್ನೂಲು ಮೊದಲಾದ ಏಳು ಜಿಲ್ಲೆಗಳಲ್ಲಿ 2003ರ ಸುಮಾರಿಗೆ ತೊಡಗಿದ ರೈತರೇ ನಡೆಸುವ ಅಂತರ್ಜಲ ನಿರ್ವಹಣೆಯ ಯೋಜನೆಯಲ್ಲಿ ರೈತರು, ರೈತ ಮಹಿಳೆಯರು ಮಳೆಯನ್ನೂ ಬಾವಿಯ ಮಟ್ಟವನ್ನೂ ತಾವೇ ಅಳೆದು, ಊರಿಗೆ ತಿಳಿಯುವಂತೆ ಫಲಕದಲ್ಲಿ ಬರೆದು, ಹಿಂಗಾರಿಗೆ ಯಾವ ಬೆಳೆಗೆ ನೀರು ಸಾಲುತ್ತದೆಂದು ಕೂತು ಲೆಕ್ಕ ಹಾಕಿದರು. ಇವರಲ್ಲಿ ಹೆಚ್ಚಿನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 2019ರ ಡಿಸೆಂಬರಿನಲ್ಲಿ ಘೋಷಿತವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಪಂಚಾಯಿತಿಗಳಿಗೆ ಇದೇ ಬಗೆಯ ನೀರಿನ ಲೆಕ್ಕವನ್ನು ಒಯ್ಯಹೊರಟಿತು. ಒಳ್ಳೆಯದೇ. ಆದರೆ ಅಲ್ಲಿಯೂ ಶಿಲೆಯ ಗುಣಾಂಕ ಪಟ್ಟಿಯಿಂದಲೇ ಇಳಿದುಬಂದರೆ ಊರಿನವರು ಅಳೆದ ಅಂಕಿಯನ್ನು ಮತ್ತೆ ನಮ್ಮ ಊಹೆಯಿಂದ ಗುಣಿಸಿದಂತಾಯಿತು.

ನನ್ನ ಬೇಡಿಕೆ ಎರಡು. ಕ್ಷೇತ್ರಪರೀಕ್ಷೆ ನಡೆಸುವವರಿಗೆ ಮಾದರಿ ಕಟ್ಟುವವರ ಸಮಾನವಾದ ಹುದ್ದೆ, ವೇತನ, ಮತ್ತು ಪ್ರಬಂಧದಲ್ಲಿ ಹೆಸರು. ಬಾವಿ ಕೊಟ್ಟವನಿಗೆ ಆ ಬಾವಿಯ ಫಲಿತಾಂಶ ಅವನ ಭಾಷೆಯಲ್ಲಿ, ಒಂದು ಹಾಳೆಯಲ್ಲಿ. ಮೊದಲನೆಯದಕ್ಕೆ ಸರ್ಕಾರದ ಮನಸ್ಸು ಬದಲಾಗಬೇಕು. ಎರಡನೆಯದಕ್ಕೆ ಕಾಯಬೇಕಾದ್ದಿಲ್ಲ. ಈ ಪತ್ರಿಕೆಯನ್ನು ಓದುವ ಹಲವರಿಗೆ ಊರಲ್ಲಿ ಇನ್ನೂ ಹೊಲವಿದೆ, ಬಾವಿಯಿದೆ, ಅಣ್ಣತಮ್ಮಂದಿರಿದ್ದಾರೆ. ನಿಮ್ಮ ಊರ ಬಾವಿಗಳಲ್ಲಿ ಯಾವ ವರ್ಷ ಯಾವ ಪರೀಕ್ಷೆ ನಡೆಯಿತು, ಅದರ ಅಳತೆಗಳೇನು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿ. ಅರ್ಜಿ ಕನ್ನಡದಲ್ಲಿರಲಿ. ಉತ್ತರ ಕೊಡಲು ಅವರಿಗಿರುವ ಗಡುವು ಮೂವತ್ತು ದಿನ. ಬಂದ ಕಾಗದವನ್ನು, ಬಾರದಿದ್ದರೆ ಬಾರದ ಸಂಗತಿಯನ್ನು ಈ ಪುಟಗಳಿಗೆ ಬರೆದು ಕಳಿಸಿ. ಅಂಕಿಗಳನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.