ಯಾರ ದುಡಿಮೆ, ಯಾರ ಔತಣ?

"ನಮ್ಮ ದುಡ್ಡು, ನಮ್ಮ ಖರ್ಚು, ಇದರಲ್ಲಿ ಗುರುಗಳಿಗೇನು ಕೆಲಸ?"

ಪ್ರಥಮ ಪರಮಪ್ರಸಾದದ ಸಿದ್ಧತೆಗಾಗಿ ಕರೆದಿದ್ದ ಪಾಲಕರ ಸಭೆಯಲ್ಲಿ, ಊಟೋಪಚಾರಗಳನ್ನು ಸರಳವಾಗಿಡೋಣವೆಂದು ನಾನು ವಿನಂತಿಸಿದಾಗ ತಂದೆಯೊಬ್ಬರು ಕೇಳಿದ ಪ್ರಶ್ನೆಯಿದು. ಅಂದು ಉತ್ತರಿಸಲು ನನಗೆ ಮಾತು ಹೊಳೆಯಲಿಲ್ಲ. ಇಂದು ಉತ್ತರಿಸುತ್ತಿದ್ದೇನೆ.

ದುಡ್ಡು ಎಂದರೇನು? ದುಡಿಯುವ ಕುಟುಂಬಕ್ಕೆ ಅದು ಕಾಗದವಲ್ಲ, ಕಳೆದುಹೋದ ಆಯುಷ್ಯ. ಅಮೆರಿಕದ ಚಿಂತಕ ಹೆನ್ರಿ ಡೇವಿಡ್ ಥೋರೋ 1854ರಲ್ಲಿ ಪ್ರಕಟಿಸಿದ 'ವಾಲ್ಡನ್' ಕೃತಿಯಲ್ಲಿ, ವಸ್ತುವಿನ ಬೆಲೆಯನ್ನು ಅದಕ್ಕಾಗಿ ನಾವು ತೆರುವ ಬದುಕಿನ ಅಳತೆಯಲ್ಲಿ ಕಂಡ. ಶುಭಸಂದೇಶಗಳ ಕಾಲದ ಜನರಿಗೆ ಈ ಲೆಕ್ಕ ಹೊಸದೇನಲ್ಲ. ದಿನಾರಿ ಎಂಬ ಬೆಳ್ಳಿನಾಣ್ಯ ಅಂದಿನ ಕೂಲಿಕಾರನ ಒಂದು ದಿನದ ದುಡಿಮೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನನು ಒಪ್ಪಿಕೊಂಡ ಕೂಲಿಯೂ ಅದೇ. ಆದುದರಿಂದ ಬೆಥಾನಿಯದ ಸುಗಂಧತೈಲಕ್ಕೆ ಮುನ್ನೂರು ದಿನಾರಿ ಎಂದೊಡನೆ, ಕೇಳಿದವರ ಮನಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಬೆವರು ಮೂಡುತ್ತಿತ್ತು. ನಮ್ಮ ಮನಸ್ಸಿನಲ್ಲಿ ಬರೀ ಅಂಕಿ ಮೂಡುತ್ತದೆ.

ನಮ್ಮ ಊರಿನ ಲೆಕ್ಕವನ್ನೇ ನೋಡೋಣ. 2025-26ನೇ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಆ ಯೋಜನೆಯಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ ನೂರು ದಿನಗಳ ಭರವಸೆಯಿತ್ತು. ನೂರು ದಿನವೂ ಕೆಲಸ ಸಿಕ್ಕಿದರೆ ಆ ಕುಟುಂಬದ ಕೈಸೇರುತ್ತಿದ್ದುದು 37,000 ರೂಪಾಯಿ. ಈಗ ಒಂದು ಸಾಧಾರಣ ಔತಣ: ಇನ್ನೂರು ಎಲೆ, ಎಲೆಗೆ ಮುನ್ನೂರರಂತೆ 60,000, ಶಾಮಿಯಾನ, ಕೇಕು, ಫೋಟೋ ಎಂದು 14,000. ಒಟ್ಟು 74,000. ಅಂದರೆ ಇನ್ನೂರು ದಿನಗಳ ಗುದ್ದಲಿ ಕೆಲಸ; ಎರಡು ವರ್ಷಗಳ ಪೂರ್ಣ ಖಾತ್ರಿ.

ಈ ಲೆಕ್ಕವೂ ಅಪೂರ್ಣವೇ. ದುಡಿದ ಕೂಲಿಯೆಲ್ಲ ಔತಣಕ್ಕೆ ಉಳಿಯುವುದಿಲ್ಲವಷ್ಟೆ? ಅಕ್ಕಿ, ಬಸ್ಸಿನ ಖರ್ಚು, ಔಷಧಿ, ಮಕ್ಕಳ ಪುಸ್ತಕ ಕಳೆದು ಐದರಲ್ಲಿ ಒಂದು ಪಾಲು ಉಳಿದರೆ ದೊಡ್ಡದು. ಅದು 74 ರೂಪಾಯಿ. ಆಗ ಆ ಒಂದು ಮಧ್ಯಾಹ್ನದ ಊಟಕ್ಕೆ ಬೇಕಾದುದು ಇನ್ನೂರು ದಿನಗಳಲ್ಲ, ಸಾವಿರ ದಿನಗಳು. ಸಾಲ ಮಾಡಿದರೆ ಆ ಸಾವಿರ ದಿನಗಳನ್ನು, ದುಡಿಯುವ ಮೊದಲೇ ಮಾರಿದಂತೆ.

ಅದೇ ಧರ್ಮಕೇಂದ್ರದಲ್ಲಿ, ಅದೇ ಬೆಂಚಿನಲ್ಲಿ, ತಿಂಗಳಿಗೆ ಒಂದೂವರೆ ಲಕ್ಷ ಸಂಬಳದ ಕುಟುಂಬವೂ ಕುಳಿತಿರುತ್ತದೆ. ಅವರಿಗೆ ಈ ಔತಣ ಅರ್ಧ ತಿಂಗಳ ಗಳಿಕೆ. ಅವರು ಯಾರಿಗೂ ಕೇಡು ಬಯಸಿದವರಲ್ಲ. ಆದರೆ ಅವರು ಹಾಕಿದ ಎಲೆ ಅಂದಿಗೆ ಮುಗಿಯುವುದಿಲ್ಲ. ಮುಂದಿನ ವರ್ಷಕ್ಕೆ ಅದು ಪದ್ಧತಿಯಾಗುತ್ತದೆ. "ಅವರ ಮಗುವಿಗೆ ಆಯಿತು, ನನಗೇಕಿಲ್ಲ?" ಎಂದು ಎಂಟು ವರ್ಷದ ಮಗು ಕೇಳಿದಾಗ ಕೂಲಿಯ ತಾಯಿ ಯಾವ ಲೆಕ್ಕ ತೋರಿಸಿಯಾಳು? ಪದ್ಧತಿಯನ್ನು ಹುಟ್ಟಿಸುವವರು ದಿನಗಳಲ್ಲಿ ತೆರುತ್ತಾರೆ. ಅದನ್ನು ಅನುಸರಿಸುವವರು ವರ್ಷಗಳಲ್ಲಿ ತೆರುತ್ತಾರೆ. ಆದುದರಿಂದಲೇ "ನಮ್ಮ ದುಡ್ಡು, ನಮ್ಮ ಖರ್ಚು" ಎಂಬ ಮಾತು ಅರ್ಧ ಸತ್ಯ. ದುಡ್ಡು ನಿಮ್ಮದು; ಅದು ಹೇರುವ ಖರ್ಚು ಪಕ್ಕದ ಮನೆಯದು.

ಇನ್ನು, ಆ ದುಡ್ಡಾದರೂ ಖರ್ಚು ಮಾಡುವವರದೇ? ಕರಾವಳಿಯ ಎಷ್ಟೋ ಮನೆಗಳ ಹಬ್ಬಗಳು ಗಲ್ಫಿನ ದುಡಿಮೆಯಿಂದ ನಡೆಯುತ್ತವೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಸರ್ಕಾರವೇ ನಿಷೇಧಿಸಿದೆ. ಬಿಸಿಲು ಅಂಥದ್ದು. ಉಳಿದ ಗಂಟೆಗಳಲ್ಲಿ ಮಗನೋ ಗಂಡನೋ ದುಡಿಯುತ್ತಾನೆ. ಇಲ್ಲಿ ಬ್ಯಾಂಕಿನ ಪುಸ್ತಕದಲ್ಲಿ ಮೊತ್ತ ಕಾಣುತ್ತದೆ, ಬಿಸಿಲು ಕಾಣುವುದಿಲ್ಲ. ದುಡಿದವನು ಅಲ್ಲಿ, ಮೆನು ಬರೆಯುವವರು ಇಲ್ಲಿ. ಆತನನ್ನು ಕೇಳಿ ಪಟ್ಟಿ ಬರೆದವರು ನಮ್ಮಲ್ಲಿ ಎಷ್ಟು ಮಂದಿ?

"ಹಾಗಾದರೆ ಬಡವರು ಸಂತೋಷಪಡಬಾರದೇ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಬೆಥಾನಿಯದಲ್ಲಿ ತೈಲದ ಲೆಕ್ಕ ಹಾಕಿದವನು ಯೂದನೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಆತ ಅಳೆದದ್ದು ಇನ್ನೊಬ್ಬಳ ಪ್ರೀತಿಯ ಕಾಣಿಕೆಯನ್ನು. ಯೇಸು ಆಕೆಯ ಪಕ್ಷ ವಹಿಸಿದರು. ಮನೆಗೆಲಸದವಳು ಮೊಬೈಲು ಕೊಂಡಳೆಂದು ಗೊಣಗುವ, ಕೂಲಿಯವನ ಮನೆಯ ಹಬ್ಬವನ್ನು ದುಂದು ಎನ್ನುವ ನಾಲಿಗೆಗಳು ಇದನ್ನು ನೆನಪಿಡಲಿ. ಬಡವನ ಸಂತೋಷಕ್ಕೆ ನಾನು ಅಡ್ಡ ನಿಂತಿಲ್ಲ. ಸಂತೋಷಕ್ಕೆ ಇಂತಿಷ್ಟೇ ಬೆಲೆಯೆಂದು ಉಳ್ಳವರು ಬರೆದಿಟ್ಟ ಚೀಟಿಯನ್ನು ಹರಿಯಬೇಕೆನ್ನುತ್ತಿದ್ದೇನೆ. ಗಂಟೆಗಳ ಲೆಕ್ಕ ಮೊದಲು ಶುರುವಾಗಬೇಕಾದುದು ಅವರ ಮೇಜಿನಿಂದ.

ಗುರುಗಳಾದ ನಮ್ಮ ಮೇಜಿನಿಂದಲೂ. ಕಟ್ಟಡ ನಿಧಿಗೆ ಮನೆಗಿಷ್ಟು ಎಂದು ಒಂದೇ ಮೊತ್ತ ಗೊತ್ತುಮಾಡಿ, ಕೊಟ್ಟವರ ಹೆಸರನ್ನು ಬಲಿಪೂಜೆಯ ಕೊನೆಯಲ್ಲಿ ಓದುವಾಗ ನಾವು ಮಾಡುವುದೂ ಇದನ್ನೇ. ಐದು ಸಾವಿರವೆಂಬುದು ಒಬ್ಬನಿಗೆ ಒಂದು ದಿನದ ಸಂಬಳ. ಇನ್ನೊಬ್ಬನಿಗೆ ಹದಿಮೂರು ದಿನಗಳ ಕೂಲಿಗೂ ಮಿಗಿಲು. ನಾನೂ ಹಾಗೆ ಓದಿದ್ದೇನೆ. ವಿಧವೆಯ ಎರಡು ಕಾಸಿನ ಬಗ್ಗೆ ಪ್ರಬೋಧಿಸಿದ ಭಾನುವಾರವೇ ಓದಿದ್ದೇನೆ. ಅದು ನನ್ನ ತಪ್ಪು.

ಆ ತಂದೆಗೆ ನನ್ನ ಉತ್ತರ ಇಷ್ಟೇ. ಔತಣದ ಪಟ್ಟಿ ಬರೆಯುವಾಗ ಪ್ರತಿ ಮೊತ್ತದ ಪಕ್ಕದಲ್ಲಿ ಎರಡು ಸಂಖ್ಯೆಗಳನ್ನು ಬರೆಯಿರಿ: ನಿಮಗೆ ಅದು ಎಷ್ಟು ದಿನಗಳ ದುಡಿಮೆ, ನಿಮ್ಮ ಮಗುವಿನ ಪಕ್ಕದಲ್ಲಿ ಮೊಣಕಾಲೂರುವ ಮಗುವಿನ ತಾಯಿಗೆ ಎಷ್ಟು ದಿನಗಳದು. ಬಳಿಕ ಎಲ್ಲ ಮಕ್ಕಳಿಗೂ ಚರ್ಚಿನ ಅಂಗಳದಲ್ಲಿ ಒಂದೇ ಪಂಕ್ತಿಯ ಊಟ ಹಾಕೋಣವೇ ಎಂದು ನೀವೇ ಪಾಲನಾ ಸಮಿತಿಯನ್ನು ಕೇಳಿ. ಬಲಿಪೀಠದಲ್ಲಿ ಎಲ್ಲರಿಗೂ ಒಂದೇ ಅಳತೆಯ ರೊಟ್ಟಿ ಸಿಕ್ಕಿದ ದಿನ, ಹೊರಗಿನ ಎಲೆಗಳು ಅಷ್ಟೊಂದು ಬೇರೆಯಾಗಿರಬೇಕೆ?