ಅಕ್ಕಿಯೂ ಬೇಕು, ಅರ್ಜಿಯೂ ಬೇಕು



ಎಲ್ಲೋ ಬರ ಬಂತು, ಎಲ್ಲೋ ಯುದ್ಧವಾಯಿತು, ಜನ ಹಸಿದಿದ್ದಾರೆ ಎಂಬ ಸುದ್ದಿ ಬಂದಾಗ ನಮ್ಮವರು ಕೈ ಹಿಂದೆಗೆಯುವವರಲ್ಲ. ಆದರೆ ಕೊಡುವ ಮುಂಚೆ ಹತ್ತು ಜನರಲ್ಲಿ ಒಬ್ಬರಾದರೂ ಒಂದು ಪ್ರಶ್ನೆ ಕೇಳುತ್ತಾರೆ: "ಹಸಿದವರ ಹೆಸರಿನಲ್ಲಿ ಎತ್ತಿದ ದುಡ್ಡು ಅಕ್ಕಿ, ಗೋಧಿಗೆ ಹೋಗಬೇಕು. ವರದಿ ಅಚ್ಚು ಹಾಕಿಸುವುದಕ್ಕೆ, ಸಹಿ ಸಂಗ್ರಹಿಸುವುದಕ್ಕೆ, ಮಂತ್ರಿಗಳ ಬಾಗಿಲು ಬಡಿಯುವುದಕ್ಕೆ ಅದನ್ನು ಖರ್ಚು ಮಾಡುವುದು ಸರಿಯೇ?"

ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಖರ್ಚು ಮಾಡಬಹುದು ಮಾತ್ರವಲ್ಲ, ಮಾಡಲೇಬೇಕು; ಆದರೆ ಪೈಸೆ ಪೈಸೆಗೂ ಲೆಕ್ಕ ಕೊಟ್ಟು ಮಾಡಬೇಕು. ಇದಕ್ಕೆ ಆಕ್ಸ್‌ಫ್ಯಾಮ್ ಎಂಬ ಸಂಸ್ಥೆಯ ಇತಿಹಾಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಕಾಫಿ ಬೆಳೆಗಾರನಿಗೆ ಅದು ದೂರದ ಕಥೆಯಲ್ಲ.

1942ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ಚರ್ಚೊಂದರ ಹಳೆಯ ಪುಸ್ತಕಭಂಡಾರದಲ್ಲಿ ಕೆಲವರು ಸಭೆ ಸೇರಿದರು. ಪಾದ್ರಿ ಮಿಲ್ಫರ್ಡ್, ಗ್ರೀಕ್ ಭಾಷೆಯ ವಿದ್ವಾಂಸ ಗಿಲ್ಬರ್ಟ್ ಮರ್ರೇ, ವ್ಯಾಪಾರಿ ಸೆಸಿಲ್ ಜ್ಯಾಕ್ಸನ್-ಕೋಲ್ ಮೊದಲಾದವರ ಈ ಕೂಟಕ್ಕೆ ಆಕ್ಸ್‌ಫರ್ಡ್ ಕ್ಷಾಮ ಪರಿಹಾರ ಸಮಿತಿ ಎಂದು ಹೆಸರಾಯಿತು. ಜರ್ಮನರು ಮತ್ತು ಅವರ ಮಿತ್ರರ ವಶವಾಗಿದ್ದ ಗ್ರೀಸಿನಲ್ಲಿ ಆಗ ಜನ ಅನ್ನವಿಲ್ಲದೆ ಸಾಯುತ್ತಿದ್ದರು. ಶತ್ರುವಿಗೆ ಸಾಮಾನು ಸಿಗಬಾರದೆಂದು ಬ್ರಿಟನ್ನಿನ ನೌಕಾಪಡೆ ಸಮುದ್ರಕ್ಕೆ ದಿಗ್ಬಂಧನ ಹಾಕಿತ್ತು. ಆ ವರ್ಷದ ನಡುವೆ ಒಂದಿಷ್ಟು ಧಾನ್ಯಕ್ಕೆ ದಾರಿ ಬಿಟ್ಟಿದ್ದರೂ ಅದು ಯಾವ ಮೂಲೆಗೂ ಸಾಲದಾಗಿತ್ತು. ಸಮಿತಿಯವರು ಹಣ ಕೂಡಿಸಿದರು. ಜೊತೆಗೆ ದಿಗ್ಬಂಧನವನ್ನು ಇನ್ನಷ್ಟು ಸಡಿಲಿಸಿರೆಂದು ತಮ್ಮ ಸರ್ಕಾರವನ್ನೇ ಒತ್ತಾಯಿಸಿದರು. ಯುದ್ಧಕಾಲದಲ್ಲಿ ಹಾಗೆ ಕೇಳುವುದು ಸಣ್ಣ ಧೈರ್ಯವಲ್ಲ. ಹಡಗು ಬಿಡಲು ಅಪ್ಪಣೆ ಇಲ್ಲದಿದ್ದರೆ ಪೆಟ್ಟಿಗೆಯಲ್ಲಿ ಹಣವಿದ್ದು ಫಲವೇನು? ಅಂದರೆ ಆ ಸಂಸ್ಥೆ ಹುಟ್ಟಿದ ದಿನದಿಂದಲೇ ಅರ್ಜಿ ಮತ್ತು ದೇಣಿಗೆ ಅವಳಿ ಮಕ್ಕಳಂತೆ ಒಟ್ಟಿಗೆ ಬೆಳೆದವು.

ಅದೇ 1942ರಲ್ಲಿ ನಮ್ಮ ದೇಶದಲ್ಲಿ ಕಾಫಿ ಕಾಯಿದೆ ಬಂತೆಂಬುದನ್ನು ಹಿರಿಯ ಬೆಳೆಗಾರರು ಬಲ್ಲರು. ಅದೇ ಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿ ನಮ್ಮ ಕಾಫಿಗೆ ಗಿರಾಕಿ ಇಲ್ಲದಂತೆ ಮಾಡಿದ್ದರಿಂದಲೇ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಬೇಕಾಯಿತು. ಒಂದು ಕಡೆ ತಿನ್ನಲು ಧಾನ್ಯವಿಲ್ಲ, ಇನ್ನೊಂದು ಕಡೆ ಬೆಳೆದದ್ದನ್ನು ಕೊಳ್ಳುವವರಿಲ್ಲ. ಎರಡೂ ಕಡೆ ಕೊರತೆ ಭೂಮಿಯದಲ್ಲ, ದಾರಿಯದು. ದಾರಿ ತೆರೆಯುವುದು ಯಾವಾಗಲೂ ಆಳುವವರ ಕೈಯಲ್ಲಿರುವ ಕೆಲಸ.

ಯುದ್ಧ ಮುಗಿದ ಮೇಲೆ ಸಮಿತಿ ಬಾಗಿಲು ಹಾಕಲಿಲ್ಲ. ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದು, ಜನ ದಾನ ಕೊಟ್ಟ ಬಟ್ಟೆಬರೆ, ಪಾತ್ರೆ ಪಡಗಗಳನ್ನು ಮಾರಿ ಹಣ ಎತ್ತಿತು. ಅಂಥ ನೂರಾರು ಅಂಗಡಿಗಳು ಮುಂದೆ ಬ್ರಿಟನ್ನಿನ ತುಂಬ ಆದವು. ಅಲ್ಲಿ ದುಡಿಯುವವರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರು. 1951ರಲ್ಲಿ ಬಿಹಾರದಲ್ಲಿ ಕ್ಷಾಮ ಬಂದಾಗ ಈ ಸಂಸ್ಥೆಯ ನೆರವು ನಮ್ಮ ದೇಶಕ್ಕೂ ಬಂತು. ಇದು ಅಕ್ಕಿಯ ಬದಿ. ಇದನ್ನು ಯಾರೂ ಆಕ್ಷೇಪಿಸುವುದಿಲ್ಲ.

ಇನ್ನು ಅರ್ಜಿಯ ಬದಿಗೆ ಬರೋಣ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈಯಲ್ಲಿ ಮುರಿದುಬಿತ್ತು. ಮುಂದೆ ಬ್ರೆಜಿಲ್, ವಿಯೆಟ್ನಾಮ್‌ಗಳಲ್ಲಿ ಬೆಳೆ ಹೆಚ್ಚಿತು. 1980ರ ದಶಕದಲ್ಲಿ ಬಹುಕಾಲ ಪೌಂಡಿಗೆ 100 ಸೆಂಟಿಗೂ ಮೇಲಿದ್ದ ಸೂಚ್ಯ ದರ 2001ರಲ್ಲಿ ಸರಾಸರಿ 46 ಸೆಂಟಿನಷ್ಟಕ್ಕೆ ಇಳಿಯಿತು. ನಮ್ಮ ಪೂಲ್ ಅಷ್ಟರಲ್ಲಿ, 1996ಕ್ಕೇ, ಪೂರ್ತಿ ನಿಂತಿತ್ತು. ಚಿಕ್ಕಮಗಳೂರು, ಕೊಡಗು, ಹಾಸನಗಳಲ್ಲಿ ಆ ವರ್ಷಗಳನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನಮಗೆ ಸಾಲ ಬಂತು. ಬೇರೆ ಕಡೆ ಹಸಿವೇ ಬಂತು. ನಿಕರಾಗುವದ ಮಟಗಾಲ್ಪ ಪ್ರಾಂತ್ಯದಲ್ಲಿ ತೋಟಗಳು ಮುಚ್ಚಿ, ಕೂಲಿಗಾರರು ಹೆಂಡತಿ ಮಕ್ಕಳೊಡನೆ ಹೆದ್ದಾರಿಯ ಬದಿಯಲ್ಲಿ ಬಿಡಾರ ಹೂಡಿದರು. ಗೋದಾಮುಗಳಲ್ಲಿ ಕಾಫಿ ತುಂಬಿ ತುಳುಕುತ್ತಿತ್ತು, ಕಾಫಿ ಕುಯ್ಯುವವರ ಹೊಟ್ಟೆ ಖಾಲಿ ಇತ್ತು.

ಆಗ, 2002ರ ಸೆಪ್ಟೆಂಬರಿನಲ್ಲಿ, ಆಕ್ಸ್‌ಫ್ಯಾಮ್ ಒಂದು ವರದಿ ಹೊರತಂದಿತು. ಅದರ ಹೆಸರು 'ಮಗ್ಡ್'. ಇಂಗ್ಲಿಷಿನಲ್ಲಿ ಸುಲಿಗೆಗೊಳಗಾದವನು ಎಂಬುದು ಅದರ ಅರ್ಥ. ಕಾಫಿ ಕುಡಿಯುವ ಮಗ್ ಕೂಡ ಅದರೊಳಗೇ ಇದೆ. ಪ್ರಪಂಚದ ಎರಡೂವರೆ ಕೋಟಿ ಕಾಫಿ ಬೆಳೆಗಾರರ ಸ್ಥಿತಿಯನ್ನು ಅದು ಮುಂದಿಟ್ಟಿತು. ಯುಗಾಂಡದ ರೈತನಿಗೆ ಕಿಲೋಗೆ 14 ಸೆಂಟು ಸಿಗುವ ಕಾಯಿ, ಇನ್‌ಸ್ಟಂಟ್ ಪುಡಿಯಾಗಿ ಬ್ರಿಟನ್ನಿನ ಅಂಗಡಿ ಸೇರುವಾಗ ಕಿಲೋಗೆ 26 ಡಾಲರಿಗೂ ಮೇಲಾಗುತ್ತದೆಂದು ಲೆಕ್ಕ ತೋರಿಸಿತು. ಹುರಿಯುವ ದೊಡ್ಡ ಕಂಪನಿಗಳು ಬೆಳೆಗಾರನಿಗೆ ಬದುಕುವಷ್ಟು ಬೆಲೆ ಕೊಡಲಿ, ಐವತ್ತು ಲಕ್ಷ ಚೀಲ ಕಳಪೆ ದಾಸ್ತಾನು ನಾಶವಾಗಲಿ ಎಂದು ಕೇಳಿತು.

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬಂದಾಗ ಉದುರಿದ ಕಾಯಿ ಹೆಕ್ಕುವುದೂ ಒಂದು ಕೆಲಸವೇ. ಆದರೆ ಮಳೆ ಹಿಡಿಯುವ ಮುಂಚೆ ಮೈಲುತುತ್ತ ಸುಣ್ಣ ಕೂಡಿಸಿ ಗೊನೆಗೆ ಔಷಧಿ ಹೊಡೆಯದೆ, ವರ್ಷ ವರ್ಷವೂ ಉದುರಿದ್ದನ್ನು ಹೆಕ್ಕುತ್ತ ಕೂತವನನ್ನು ಯಾರೂ ಬುದ್ಧಿವಂತ ಕೃಷಿಕನೆನ್ನುವುದಿಲ್ಲ. ಔಷಧಿಗೆ ಹಾಕಿದ ದುಡ್ಡು ಕಾಯಿಗೆ ಹಾಕಿದ ದುಡ್ಡಲ್ಲವೆಂದು ಹೇಳುವವರೂ ನಮ್ಮಲ್ಲಿ ಇಲ್ಲ. ಅನ್ನದಾನ ಹೆಕ್ಕುವ ಕೆಲಸ. ನೀತಿಗಾಗಿ ಹೋರಾಡುವುದು ಔಷಧಿಯ ಕೆಲಸ.

ಔಷಧಿ ಹೊಡೆದಾಗಲೆಲ್ಲ ಕೊಳೆ ನಿಲ್ಲುತ್ತದೆಯೇ? ಇಲ್ಲ. 'ಮಗ್ಡ್' ವರದಿಯ ದೊಡ್ಡ ಬೇಡಿಕೆಗಳು ಈಡೇರಲಿಲ್ಲ. ಕೋಟಾ ಪದ್ಧತಿ ಮರಳಿ ಬರಲಿಲ್ಲ. 2005ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ವಿಶ್ವ ವ್ಯಾಪಾರ ಸಮ್ಮೇಳನಕ್ಕೆ 1 ಕೋಟಿ 70 ಲಕ್ಷಕ್ಕೂ ಮೇಲ್ಪಟ್ಟು ಸಹಿಗಳ ಅರ್ಜಿ ಹೋಯಿತು. ವ್ಯಾಪಾರದ ನಿಯಮಗಳು ಅದಕ್ಕೆ ತಕ್ಕಷ್ಟು ಬದಲಾಗಲಿಲ್ಲ. ಆದರೆ ಎಥಿಯೋಪಿಯದ ಸಂಗತಿ ಬೇರೆ. ಸಿದಾಮೊ, ಹರಾರ್, ಯಿರ್ಗಚೆಫೆ ಎಂಬ ತನ್ನ ಕಾಫಿ ನಾಡುಗಳ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಬೇಕೆಂದು ಆ ಸರ್ಕಾರ 2005ರಲ್ಲಿ ಅರ್ಜಿ ಹಾಕಿತು. ಅಲ್ಲಿನ ಕಾಫಿ ವರ್ತಕರ ಸಂಘ ಅಡ್ಡ ಬಂತು. ಸ್ಟಾರ್‌ಬಕ್ಸ್ ಕಂಪನಿಯೂ ಮೊದಲು ಒಪ್ಪಲಿಲ್ಲ. ಆಕ್ಸ್‌ಫ್ಯಾಮ್ ಕರೆ ಕೊಟ್ಟಿತು. ಸುಮಾರು ಒಂದು ಲಕ್ಷ ಜನ ಕಂಪನಿಗೆ ಬರೆದರು, ಫೋನು ಮಾಡಿದರು. 2007ರ ಜೂನಿನಲ್ಲಿ ಎಥಿಯೋಪಿಯ ಮತ್ತು ಕಂಪನಿ ಒಪ್ಪಂದಕ್ಕೆ ಬಂದವು. ಊರಿನ ಹೆಸರು ಊರವರದೇ ಎಂಬ ಮಾತು ಅಷ್ಟರ ಮಟ್ಟಿಗೆ ಗೆದ್ದಿತು. ಎಷ್ಟು ಅಕ್ಕಿ ಹಂಚಿದರೂ ಈ ಕೆಲಸ ಆಗುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಹುಳುಕನ್ನೂ ಹೇಳದಿದ್ದರೆ ಲೇಖನ ಒಂಟಿ ಕಣ್ಣಿನದಾಗುತ್ತದೆ. 1991ರಲ್ಲಿ ಬ್ರಿಟನ್ನಿನ ಧರ್ಮಸಂಸ್ಥೆಗಳ ಆಯೋಗ, ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಮಾಡಿದ ಪ್ರಚಾರ ರಾಜಕೀಯದ ಗೆರೆ ದಾಟಿತೆಂದು ಆಕ್ಸ್‌ಫ್ಯಾಮನ್ನು ಆಕ್ಷೇಪಿಸಿತು. ಅಲ್ಲಿ ನನ್ನ ಮನಸ್ಸು ಸಂಸ್ಥೆಯ ಕಡೆಗಿದೆ. ಆದರೆ 2018ರಲ್ಲಿ ಹೊರಬಿದ್ದ ಸಂಗತಿಗೆ ಸಮಜಾಯಿಷಿ ಇಲ್ಲ. ಭೂಕಂಪದಿಂದ ನೊಂದ ಹೈಟಿಯಲ್ಲಿ ಪರಿಹಾರಕ್ಕೆಂದು ಹೋದ ಕೆಲವು ನೌಕರರು ಹೀನವಾಗಿ ನಡೆದುಕೊಂಡಿದ್ದರು. ಸಂಸ್ಥೆ 2011ರಲ್ಲೇ ವಿಚಾರಣೆ ಮಾಡಿದ್ದರೂ ಪೂರ್ತಿ ಸತ್ಯವನ್ನು ಬಹಿರಂಗಪಡಿಸಿರಲಿಲ್ಲ. ಸಾವಿರಾರು ದಾನಿಗಳು ಕೈಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಾವು ಅಡಿಕೆ ಬೆಳೆಯುವವರು ಬೇರೆಯವರಿಂದ ಕಲಿಯಬೇಕಾಗಿಲ್ಲ. ಪರರ ಲೆಕ್ಕ ಕೇಳುವವನ ಸ್ವಂತ ಲೆಕ್ಕ ಮೊದಲು ಚೊಕ್ಕಟವಾಗಿರಬೇಕು. ನಮ್ಮ ದೇಶದಲ್ಲಿಯೂ 2021ರ ಡಿಸೆಂಬರಿನಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾದ ವಿದೇಶಿ ದೇಣಿಗೆ ನೋಂದಣಿಯನ್ನು ಕೇಂದ್ರ ಸರ್ಕಾರ ನವೀಕರಿಸಲಿಲ್ಲ. ಪರದೇಶದ ಹಣದಿಂದ ನಮ್ಮ ನೀತಿಯನ್ನು ತಿದ್ದಬಹುದೇ ಎಂಬುದು ಚರ್ಚಿಸಬೇಕಾದ ವಿಷಯವೇ. ಅದಕ್ಕೆ ಒಳ್ಳೆಯ ಮದ್ದೆಂದರೆ ನಮ್ಮ ಅರ್ಜಿಯನ್ನು ನಮ್ಮ ದುಡ್ಡಿನಿಂದ ನಾವೇ ಬರೆಯುವುದು.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದಲ್ಲಿ ಹಸಿದವರು ಸುಮಾರು 67 ಕೋಟಿ. ಮರುವರ್ಷವೇ, 2025ರಲ್ಲಿ, ಅಮೆರಿಕ ಸರ್ಕಾರ ತನ್ನ ವಿದೇಶೀ ನೆರವಿನ ಇಲಾಖೆಯನ್ನೇ ಮುಚ್ಚಿತು. ಒಂದು ರುಜುವಿನಿಂದ ಹೋದದ್ದನ್ನು ಸಾವಿರ ಹುಂಡಿಗಳು ತುಂಬಲಾರವು. ರುಜು ಹಾಕುವ ಕೈಯನ್ನು ತಡೆದು ಕೇಳುವವರು ಬೇಕು.

ಆದ್ದರಿಂದ ಮುಂದೆ ಯಾವ ಸಂಸ್ಥೆ ಬಂದು ಕೇಳಿದರೂ ಮೂರು ಪ್ರಶ್ನೆ ಹಾಕಿ ಕೊಡಿ. ಅನ್ನಕ್ಕೆಷ್ಟು, ಹೋರಾಟಕ್ಕೆಷ್ಟು, ಕಚೇರಿಗೆಷ್ಟು ಎಂದು ಬೇರೆ ಬೇರೆ ತೋರಿಸುತ್ತೀರಾ? ಯಾರ ಪರವಾಗಿ ಮಾತಾಡುತ್ತೀರೋ ಅವರನ್ನು ಕೇಳಿ ಮಾತಾಡುತ್ತೀರಾ? ತಪ್ಪಾದಾಗ ನೀವೇ ಮೊದಲು ಹೇಳುತ್ತೀರಾ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಅರ್ಜಿಗೆ ಹೋದ ರೂಪಾಯಿ ದಂಡವಾಯಿತೆಂದು ಚಿಂತಿಸಬೇಡಿ. 2024, 2025ರಲ್ಲಿ ಕಾಫಿಗೆ ಒಳ್ಳೆಯ ದರ ಕಂಡಿದ್ದೇವೆ. ಹೀಗೆ ಕೈಯಲ್ಲಿ ನಾಲ್ಕು ಕಾಸು ಇದ್ದಾಗಲೇ 2001ನ್ನು ನೆನೆಯುವುದು ವಿವೇಕ. ಆ ದಿನ ನಮ್ಮ ಪರವಾಗಿ ಬರೆದವರಲ್ಲಿ, ಕಾಫಿ ಗಿಡವನ್ನೇ ನೋಡದ, ಆಕ್ಸ್‌ಫ್ಯಾಮಿನ ಪೆಟ್ಟಿಗೆಗೆ ಚಿಲ್ಲರೆ ಹಾಕಿದ ಜನರೂ ಇದ್ದರು.