ಕೆಮ್ಮುವ ಕೂಸಿಗೆ ಪಂಪು ಬೇಡವೆನ್ನುವ ಮೊದಲು

ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚನ್ನು ಮುಟ್ಟಿ ಹರಿಯುತ್ತಾಳೆ. ಮಹಾಬಳೇಶ್ವರದಿಂದ ಇಳಿದ ಕೃಷ್ಣೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯಲ್ಲಿ ಆಲಮಟ್ಟಿಯ ಕಟ್ಟೆಗೆ ತಡೆದು ನಿಲ್ಲುತ್ತಾಳೆ. ಸಹ್ಯಾದ್ರಿಯ ನೀರು ಬಯಲಿಗೆ ತಲುಪುತ್ತದೆ. ಬಯಲಿನ ಸಂಕಟದ ಸುದ್ದಿ ಮಾತ್ರ ಗುಡ್ಡ ಹತ್ತುವುದು ಅಪರೂಪ. ಅಂಥದೊಂದು ಸಂಕಟ ಅಲ್ಲಿನ ಎಳೆಯ ಮಕ್ಕಳ ಬಿಡದ ಕೆಮ್ಮು.

ತೊಗರಿಯ ರಾಶಿಯಿಂದ ಬಿಳಿಜೋಳದ ಸುಗ್ಗಿ ಮುಗಿಯುವವರೆಗೆ ಆ ನಾಲ್ಕು ತಾಲ್ಲೂಕುಗಳ ಗಾಳಿಯಲ್ಲಿ ಹೊಟ್ಟು ಮತ್ತು ಧೂಳು. ಮನೆಯೊಳಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳಿನ ಹೊಗೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರ್ ಮೂಲೆಯಲ್ಲಿದ್ದರೂ, ಹೊಲದಿಂದ ಪುಕ್ಕಟೆ ಬರುವ ಕಟ್ಟಿಗೆಯನ್ನು ಬಡವರು ಬಿಡಲಾರರು. ರೊಟ್ಟಿ ಬಡಿಯುವ ತಾಯಿಯ ಮಗ್ಗುಲಲ್ಲೇ ಕೂಸು ಕೂತಿರುತ್ತದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವ ಪದ್ಧತಿ ಬೇರೆ. ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸದ ಪರಾಗ.

ಇಂಥಲ್ಲಿ ಮಗುವಿನ ಕೆಮ್ಮು ವಾರಗಟ್ಟಲೆ ನಿಲ್ಲದಿದ್ದಾಗ ನಡೆಯುವುದೇನು? ಒಂದು ಸಿರಪ್, ಅದರ ಮೇಲೊಂದು ಸಿರಪ್, ಆ್ಯಂಟಿಬಯಾಟಿಕ್, ಕೊನೆಗೆ ಒಂದು ಸೂಜಿ. ತಾಲ್ಲೂಕಿನ ಮಕ್ಕಳ ವೈದ್ಯರು ಸ್ಟೀರಾಯ್ಡ್ ಇನ್‌ಹೇಲರ್ ಬರೆದರೆ ಮಾತ್ರ ಮನೆಮಂದಿ ಬೆಚ್ಚಿಬೀಳುತ್ತಾರೆ. "ಅದು ಒಮ್ಮೆ ಹಚ್ಚಿದ್ರ ಬಿಡಂಗಿಲ್ರಿ, ಹುಡುಗ ಬೆಳಿಯಂಗಿಲ್ಲ" ಎಂಬ ಮಾತು ಹಿರಿಯರ ಬಾಯಿಂದ ಬರುತ್ತದೆ. ಮಲೆನಾಡಿನ ಮನೆಗಳಲ್ಲೂ ಈ ಭಯ ಕಡಿಮೆಯೇನಲ್ಲ.

ವಿಪರ್ಯಾಸವೆಂದರೆ, ಪಂಪಿಗೆ ಹೆದರುವ ಅದೇ ಮನೆ, ಸ್ಟೀರಾಯ್ಡ್ ಇರುವ ಮಾತ್ರೆಯನ್ನೋ ಸೂಜಿಯನ್ನೋ ಹೆಸರು ಕೇಳದೆ ಒಪ್ಪಿಕೊಂಡಿರಬಹುದು. ಹನ್ನೆರಡು ಕಿಲೋ ತೂಕದ ಮಗುವಿಗೆ ತೀವ್ರ ಉಬ್ಬಸದಲ್ಲಿ ಬಾಯಿಯ ಮೂಲಕ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ 12ರಿಂದ 24 ಮಿಲಿಗ್ರಾಂ. ಅದು ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಸುತ್ತುತ್ತದೆ. ಬುಡೆಸೊನೈಡ್ ಪಂಪಿನ ಒಂದು ಒತ್ತಿಗೆ ಹೊರಡುವುದು 100 ಮೈಕ್ರೋಗ್ರಾಂ, ಎಂದರೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗ. ಎರಡರ ಶಕ್ತಿ ಬೇರೆ ಬೇರೆ ಎಂಬುದು ನಿಜ. ಆದರೂ ರೋಗ ಬಿದ್ದ ಗಿಡದ ಎಲೆಗೆ ಹನಿ ಸಿಂಪಡಿಸುವುದಕ್ಕೂ ಹೊಲಕ್ಕೆಲ್ಲ ಔಷಧ ಸುರಿಯುವುದಕ್ಕೂ ಇರುವ ಅಂತರ ರೈತರಿಗೆ ತಿಳಿಯದ್ದಲ್ಲ.

ಬೆಳವಣಿಗೆಯ ಭಯಕ್ಕೆ ಆಧಾರವೇ ಇಲ್ಲವೆಂದರೆ ಅದು ಸುಳ್ಳಾದೀತು. ಐದರಿಂದ ಹದಿಮೂರರ ವಯಸ್ಸಿನಲ್ಲಿ ದಿನಕ್ಕೆ 400 ಮೈಕ್ರೋಗ್ರಾಂನಂತೆ ಕೆಲವು ವರ್ಷ ಬುಡೆಸೊನೈಡ್ ಸೇದಿದ ಉತ್ತರ ಅಮೆರಿಕದ ಮಕ್ಕಳನ್ನು ದೊಡ್ಡವರಾಗುವವರೆಗೆ ಅಳೆದು ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎತ್ತರದಲ್ಲಿ ಕಂಡ ಕೊರತೆ ಸರಾಸರಿ 1.2 ಸೆಂಟಿಮೀಟರ್. ಉಬ್ಬಸಕ್ಕೆ ಮದ್ದಿಲ್ಲದೆ ರಾತ್ರಿಯಿಡೀ ಎದ್ದು ಕೂರುವ ಮಗು ಕಳೆದುಕೊಳ್ಳುವುದು ಇದಕ್ಕಿಂತ ಬಹಳ ಹೆಚ್ಚು.

ಹಾಗೆಂದು ಕೆಮ್ಮಿದವರಿಗೆಲ್ಲ ಪಂಪು ಹಿಡಿಸುವುದೂ ವಿವೇಕವಲ್ಲ. ಐದರೊಳಗಿನ ಮಗುವಿನಲ್ಲಿ ಊದಿಸಿ ಅಳೆಯುವ ಪರೀಕ್ಷೆ ಸಾಧ್ಯವಾಗದ ಕಾರಣ ದಮ್ಮನ್ನು ಖಚಿತಪಡಿಸುವುದು ಕಷ್ಟ. ಶೇಂಗಾ ಬೆಳೆಯುವ ನಾಡಿನಲ್ಲಿ, ಆಡುತ್ತಿದ್ದ ಕೂಸು ಏಕಾಏಕಿ ಉಸಿರುಗಟ್ಟಿ ಕೆಮ್ಮಲು ತೊಡಗಿದರೆ ಕಾಳು ಶ್ವಾಸನಾಳಕ್ಕೆ ಇಳಿದಿರಬಹುದು; ಅದಕ್ಕೆ ಯಾವ ಸ್ಟೀರಾಯ್ಡೂ ಮದ್ದಲ್ಲ. ತೂಕ ಇಳಿಯುತ್ತಿದ್ದರೆ, ಸಂಜೆಯ ಜ್ವರವಿದ್ದರೆ, ಮನೆಯಲ್ಲಿ ಕ್ಷಯದ ರೋಗಿಯಿದ್ದರೆ ಮೊದಲು ಕ್ಷಯದ ತಪಾಸಣೆಯಾಗಬೇಕು. ದಿನವೂ ಕಫದಿಂದ ಕೂಡಿದ ಕೆಮ್ಮಿನ ದಾರಿಯೇ ಬೇರೆ. ಒಣಕೆಮ್ಮು ನಾಲ್ಕು ವಾರ ಮೀರಿ, ದಮ್ಮಿನ ಶಂಕೆಯಿದ್ದಾಗ ಬಲ್ಲ ವೈದ್ಯರು ಕೆಲವು ವಾರ ಇನ್‌ಹೇಲರ್ ಕೊಟ್ಟು, ನಿಲ್ಲಿಸಿ, ಮತ್ತೆ ನೋಡುತ್ತಾರೆ. ಗುಣ ಕಾಣದಿದ್ದರೆ ಪ್ರಮಾಣ ಏರಿಸುತ್ತ ಹೋಗುವುದಲ್ಲ, ಕಾರಣವನ್ನೇ ಮರುಹುಡುಕಬೇಕು. ದಮ್ಮೆಂದು ಖಚಿತವಾದ ಮೇಲೆ ಮಾತ್ರ, ಕೆಮ್ಮು ನಿಂತಿತೆಂದು ಮನೆಯವರೇ ಔಷಧ ಬಿಡುವುದು ಅಪಾಯ.

ಬಳಸುವ ಕ್ರಮದಲ್ಲೂ ಸೋಲಿದೆ. ಪುಟ್ಟ ಮಗುವಿನ ಬಾಯಿಗೆ ಪಂಪನ್ನು ನೇರ ಒತ್ತಿದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ನಡುವೆ ಮುಖವಾಡವಿರುವ ಸ್ಪೇಸರ್ ಬೇಕು. ಸೇದಿದ ಮೇಲೆ ಬಾಯಿ ತೊಳೆಯಬೇಕು, ಮುಖ ಒರೆಸಬೇಕು. ಸ್ಪೇಸರ್ ಕೊಳ್ಳಲಾಗದ ಬಡವರಿಗಾಗಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಕೊರೆದು ಪಂಪು ಸಿಕ್ಕಿಸಿ ಪರೀಕ್ಷಿಸಿದರು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಡಲು ಅದು ಅಂಗಡಿಯ ಸ್ಪೇಸರಿನಷ್ಟೇ ಸಮರ್ಥವೆಂದು 1999ರಲ್ಲಿ ವರದಿ ಮಾಡಿದರು. ಪ್ಲಾಸ್ಟಿಕ್ಕನ್ನು ಬಯ್ಯುವ ಪತ್ರಿಕೆಗಳು ಇದನ್ನೂ ಬರೆಯಬೇಕು.

ಇನ್‌ಹೇಲರಿನ ಬಳಕೆ ಗಾಳಿಯ ಪಾಪವನ್ನು ಮುಚ್ಚುವ ಹೊದಿಕೆಯಾಗಬಾರದು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ದಮ್ಮಿನ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಒಂದು ನಗರದ ಒಂದು ಆಸ್ಪತ್ರೆಯ ಲೆಕ್ಕವಾದರೂ ಆ ಏರಿಕೆ ವಾಹನಗಳ ಏರಿಕೆಯ ಜೊತೆಜೊತೆಗೇ ನಡೆದದ್ದು. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಉಷ್ಣವಿದ್ಯುತ್ ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ 2014ರ ಜುಲೈನಲ್ಲಿ ಪೊಲೀಸರ ಗುಂಡು ಹಾರಿತು. 2400 ಮೆಗಾವಾಟಿನ ಸ್ಥಾವರ ಎದ್ದು ನಿಂತಿತು. ಅದರ ಸುತ್ತಲಿನ ಶಾಲೆಗಳ ಮಕ್ಕಳ ಉಸಿರನ್ನು ಪ್ರತಿವರ್ಷ ಅಳೆದು ಊರ ಮುಂದಿಡುವುದು ಸರ್ಕಾರದ ಹೊಣೆ.

ಅದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಹೋಗಬೇಕು; ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮಕ್ಕಳ ಶ್ವಾಸನಾಳದ ಉಬ್ಬಸವೂ ಇದೆ. ಬುಡೆಸೊನೈಡ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ತಂಡ ಯಾವಾಗ ಬಂದಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಂಪೂ ಸ್ಪೇಸರೂ ಇವೆಯೇ? ಅಡಿಕೆ ಬೇಯಿಸುವ ಒಲೆಯ ಹೊಗೆ ಮತ್ತು ಮಳೆಗಾಲದ ಬೂಷ್ಟಿನ ನಡುವೆ ಮಕ್ಕಳನ್ನು ಬೆಳೆಸುವ ಗುಡ್ಡದ ಊರುಗಳೂ ಇವನ್ನು ಈ ವರ್ಷವೇ ಕೇಳಬಹುದು.